ಕೃಷ್ಣಾ ಪ್ರವಾಹದ ಲೆಕ್ಕ: ಅಂಕಿಗಳ ಮೂಲ ಪರಿಶೀಲನೆಯ ಇತಿಹಾಸ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಿಗೆ ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳಿಂದ ಬರುವ ಮಹಾಪೂರವನ್ನು ಇಂದು ಕಂಪ್ಯೂಟರ್ ಮಾದರಿಗಳಿಂದ ಲೆಕ್ಕ ಹಾಕಲಾಗುತ್ತದೆ. ಆ ಲೆಕ್ಕ ಸರಿಯೇ ಎಂದು ನೋಡಬೇಕಾದರೆ ಅದರೊಳಗಿನ ಪ್ರತಿ ಅಂಕಿಯನ್ನೂ ಎಲ್ಲಿ, ಯಾವ ಹೊತ್ತಿನಲ್ಲಿ, ಹೇಗೆ ಅಳೆದರು, ಆಮೇಲೆ ಏನು ತಿದ್ದಿದರು ಎಂಬ ದಾಖಲೆ ಬೇಕು.

ಮಳೆಗಾಲದಲ್ಲಿ ಪತ್ರಿಕೆಗಳು ಕಲ್ಲೋಳ ಬ್ಯಾರೇಜ್ ಬಳಿಯ ಹರಿವನ್ನು ಒಂದೇ ಸಂಖ್ಯೆಯಲ್ಲಿ ಹೇಳುತ್ತವೆ. ಅದು ಮಹಾರಾಷ್ಟ್ರದ ರಾಜಾಪುರ ಬ್ಯಾರೇಜಿನಿಂದ ಬರುವ ನೀರಿಗೆ ದೂಧಗಂಗೆಯ ನೀರು ಕೂಡಿಸಿದ ಮೊತ್ತ. ದೂಧಗಂಗೆಗೆ ಸದಲಗಾದಲ್ಲಿ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರವಿದೆ. ಇಂಥ ಕೇಂದ್ರಗಳಲ್ಲಿ ದಿನವೂ ಓದುವುದು ಅಳತೆಪಟ್ಟಿಯ ಮೇಲಿನ ನೀರಿನ ಮಟ್ಟವನ್ನು. ಹಿಂದೆ ಮಟ್ಟದ ಜೊತೆ ವೇಗವನ್ನೂ ಅಳೆದು ಸಿದ್ಧಪಡಿಸಿದ ವಕ್ರರೇಖೆಯಿಂದ ಆ ಮಟ್ಟವನ್ನು ಕ್ಯೂಸೆಕ್‌ಗೆ ಇಳಿಸುತ್ತಾರೆ. ನದಿ ದಂಡೆ ಮೀರಿದಾಗ ವೇಗಮಾಪಕ ಇಳಿಸುವುದೇ ಕಷ್ಟ. ಆಗ ರೇಖೆಯನ್ನು ಅಂದಾಜಿನಿಂದ ಮೇಲಕ್ಕೆ ಎಳೆಯಬೇಕಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾದ ದಿನದ ಅಂಕಿಯೇ ಹೀಗೆ ಎಲ್ಲಕ್ಕಿಂತ ದುರ್ಬಲವಾಗಬಹುದು. ಅಳೆದದ್ದೋ ಅಂದಾಜೋ ಎಂಬ ಟಿಪ್ಪಣಿ ಕಳೆದುಹೋದರೆ ಮಾದರಿಗೆ ಎರಡೂ ಒಂದೇ.

ಅಂಕಿಗಳ ಮೂಲದ ಪ್ರಶ್ನೆ ಈ ಕಣಿವೆಗೆ ಹೊಸದಲ್ಲ. ಕೃಷ್ಣಾ ನೀರು ಹಂಚಿಕೆಯ ಬಚಾವತ್ ನ್ಯಾಯಮಂಡಳಿ 1973ರಲ್ಲಿ 1894-95ರಿಂದ 78 ವರ್ಷಗಳ ಹರಿವಿನ ಸರಣಿ ಹಿಡಿದು, ಶೇ 75ರ ಖಾತ್ರಿಯಲ್ಲಿ (ನಾಲ್ಕರಲ್ಲಿ ಮೂರು ವರ್ಷ ಸಿಗುವ ಮಟ್ಟದಲ್ಲಿ) ಕೃಷ್ಣೆಯ ಇಳುವರಿ 2060 ಟಿಎಂಸಿ ಎಂದಿತು. ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 2010ರಲ್ಲಿ 1961-62ರಿಂದ 47 ವರ್ಷಗಳ ಸರಣಿ ಹಿಡಿದಾಗ ಅದೇ ಖಾತ್ರಿಗೆ 2173 ಟಿಎಂಸಿ ಬಂತು. ಯಾವ ಸರಣಿ ಎಂದು ಹೇಳದೆ ಎರಡನ್ನೂ ಎದುರುಬದುರಾಗಿಟ್ಟು ವಾದಿಸುವುದರಲ್ಲಿ ಅರ್ಥವಿಲ್ಲ.

ಗಣಕ ವಿಜ್ಞಾನದಲ್ಲಿ ಅಂಕಿಗಳ ಮೂಲ ದಾಖಲಿಸುವುದಕ್ಕೊಂದು ಶಿಸ್ತು ಬಂದದ್ದು ತಡವಾಗಿ. ದತ್ತಾಂಶ ಮೂಲದ ಕುರಿತ ಕಾರ್ಯಾಗಾರ 2002ರಲ್ಲಿ ಷಿಕಾಗೊದಲ್ಲಿ ನಡೆಯಿತು. ವೆಬ್ ಮಾನದಂಡ ರೂಪಿಸುವ ಡಬ್ಲ್ಯು3ಸಿ ಸಂಸ್ಥೆ 2013ರಲ್ಲಿ ‘ಪ್ರೊವ್’ ಮಾನದಂಡ ಪ್ರಕಟಿಸಿತು. ದತ್ತಾಂಶ, ಅದರ ಮೇಲೆ ನಡೆದ ಕೆಲಸ, ಅದಕ್ಕೆ ಹೊಣೆಯಾದವರು — ಈ ಮೂರರ ಸಂಬಂಧವನ್ನು ಯಂತ್ರವೂ ಓದುವಂತೆ ಬರೆದಿಡುವುದೇ ಅದರ ತಿರುಳು.

ಇಂಥ ದಾಖಲೆ ಕೃಷ್ಣಾ ಕಣಿವೆಗೂ ಬೇಕು. 2019ರ ಆಗಸ್ಟ್ ಮಹಾಪೂರದ ನಂತರ ಆಲಮಟ್ಟಿ ಜಲಾಶಯದ ಹಿನ್ನೀರೇ ಸಾಂಗಲಿ, ಕೊಲ್ಹಾಪುರಗಳನ್ನು ಮುಳುಗಿಸಿತು ಎಂಬ ಆರೋಪ ಬಲವಾಯಿತು. ಮಹಾರಾಷ್ಟ್ರವೇ ನೇಮಿಸಿದ ವಡನೆರೆ ಸಮಿತಿ 2020ರಲ್ಲಿ ಅದನ್ನು ಒಪ್ಪಲಿಲ್ಲ. ಆದರೂ ವಿವಾದ ಆರಿಲ್ಲ. ರಾಜಾಪುರ, ಹಿಪ್ಪರಗಿ ಬ್ಯಾರೇಜುಗಳ ಹಾಗೂ ಆಲಮಟ್ಟಿಯ ಗೇಟು ತೆರೆದ ಹೊತ್ತು ಮತ್ತು ನಡುವಣ ನೀರಿನ ಮಟ್ಟಗಳನ್ನು ಮೂಲ ದಾಖಲೆ ಸಮೇತ ಎರಡೂ ರಾಜ್ಯಗಳು ತೆರೆದಿಟ್ಟರೆ, ಒಂದೇ ಲೆಕ್ಕವನ್ನು ಬೆಳಗಾವಿಯಲ್ಲೂ ಕೊಲ್ಹಾಪುರದಲ್ಲೂ ಮತ್ತೆ ಮಾಡಿ ತಾಳೆ ನೋಡಬಹುದು.