ಕಣ್ಣಿನ ಒಳಗೊಂದು ಮಿನುಗು

ಕಲ್ಯಾಣ ಕರ್ನಾಟಕದ ಹಳ್ಳಿಗಳಲ್ಲಿ ಕಣ್ಣಿನ ಆಪರೇಷನ್ ಎಂದರೆ ಪೊರೆ ತೆಗೆಸುವುದು ಎಂದೇ ಅರ್ಥ. ಮಾನ್ವಿ ಸೀಮೆಯ ಕುರ್ಡಿಯಾಗಲಿ, ದೇವದುರ್ಗದ ಕಡೆಯ ಊರುಗಳಾಗಲಿ ಇದಕ್ಕೆ ಹೊರತಲ್ಲ. ಅದಕ್ಕೆ ಕಾರಣವೂ ಇದೆ. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿ 1943ರಿಂದ ಊರೂರು ಅಲೆದು ಶಿಬಿರ ಹೂಡಿ ಪೊರೆ ತೆಗೆದರು. 1993ರ ಫೆಬ್ರವರಿ ವೇಳೆಗೆ ಅವರ ಶಸ್ತ್ರಚಿಕಿತ್ಸೆಗಳ ಲೆಕ್ಕ 6 ಲಕ್ಷ ದಾಟಿತ್ತೆಂದು ಗಿನ್ನೆಸ್ ದಾಖಲೆ ಹೇಳುತ್ತದೆ.

ಪೊರೆ ಕಣ್ಣಿನ ಮುಂಭಾಗದ ತೊಂದರೆ. ಬಲಿತ ಪೊರೆ ಟಾರ್ಚ್ ಬೆಳಕಿಗೇ ಬೆಳ್ಳಗೆ ಕಾಣುತ್ತದೆ. ಆದರೆ ಕಣ್ಣು ಹೊರಗೆ ತಿಳಿಯಾಗಿದ್ದೂ ಹೊತ್ತು ಮುಳುಗುತ್ತಲೇ ಗೋಡೆ ತಡವುವವರ ಕಥೆ ಬೇರೆ. ಇರುಳುಗಣ್ಣು ಎಂಬ ಒಂದೇ ಹೆಸರಿನಲ್ಲಿ ಹಲವು ರೋಗಗಳು ಅಡಗಿವೆ. ‘ಎ’ ಜೀವಸತ್ವದ ಕೊರತೆಯಿಂದ ಬಂದದ್ದಾದರೆ ಸಕಾಲದಲ್ಲಿ ಔಷಧ ಕೊಟ್ಟರೆ ವಾಸಿ. ರೆಟಿನೈಟಿಸ್ ಪಿಗ್ಮೆಂಟೋಸ ಹಾಗಲ್ಲ. ಅದು ವಂಶವಾಹಿಯ ದೋಷ. ಅಕ್ಕನ ಮಗಳನ್ನೋ ಅತ್ತೆಯ ಮಗಳನ್ನೋ ತಂದುಕೊಳ್ಳುವ ಕುಟುಂಬಗಳಲ್ಲಿ ತಂದೆ-ತಾಯಿ ಇಬ್ಬರೂ ಒಂದೇ ದೋಷವನ್ನು ಅರಿವಿಲ್ಲದೆ ಹೊತ್ತಿರುವ ಸಂಭವ ಹೆಚ್ಚು. ಇದನ್ನು ಶಾಪ ಎನ್ನುವುದು ತಪ್ಪು.

ಒಳಗೆ ಏನಾಗಿದೆ ಎಂದು ತಿಳಿಯಲು ಕಣ್ಣಿನ ಹಿಂಗೋಡೆಯನ್ನು, ಅಂದರೆ ರೆಟಿನಾವನ್ನು ನೋಡಬೇಕು. ಅದಕ್ಕೊಂದು ಉಪಕರಣವನ್ನು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1851ರಲ್ಲಿ ಲೋಕಕ್ಕೆ ತಿಳಿಸಿದ. 1961ರಲ್ಲಿ ಅಮೆರಿಕದ ಇಂಡಿಯಾನಾದ ನೊವೊಟ್ನಿ ಮತ್ತು ಆಲ್ವಿಸ್ ಇನ್ನೊಂದು ಉಪಾಯ ಪ್ರಕಟಿಸಿದರು. ತೋಳಿನ ರಕ್ತನಾಳಕ್ಕೆ ಫ್ಲೂರೆಸೀನ್ ಎಂಬ ಬಣ್ಣ ಚುಚ್ಚಿ, ಕಣ್ಣಿಗೆ ನೀಲಿ ಬೆಳಕು ಹಾಯಿಸಿದರೆ ರೆಟಿನಾದ ನಾಳಗಳು ಹಸಿರಾಗಿ ಹೊಳೆಯುತ್ತವೆ. ಆಗ ಇಬ್ಬರೂ ವೈದ್ಯ ವಿದ್ಯಾರ್ಥಿಗಳು. ಮೊದಲ ಚುಚ್ಚುಮದ್ದು ಬಿದ್ದದ್ದು ಆಲ್ವಿಸ್‌ನ ತೋಳಿಗೇ!

ಬಣ್ಣ ಚುಚ್ಚದಿದ್ದರೂ ರೆಟಿನಾ ತಾನಾಗಿ ಒಂದಿಷ್ಟು ಮಿನುಗುತ್ತದೆ. ಇದೇ ಆಟೋಫ್ಲೂರೆಸೆನ್ಸ್, ಕನ್ನಡದಲ್ಲಿ ಸ್ವಯಂ ಪ್ರತಿದೀಪ್ತಿ ಎನ್ನಬಹುದು. ರೆಟಿನಾದ ಹಿಂದೆ ಒಂದೇ ಸಾಲಿನ ಜೀವಕೋಶಗಳ ಪದರವಿದೆ. ಬೆಳಕು ಹಿಡಿಯುವ ಕೋಶಗಳು ದಿನವೂ ಉದುರಿಸುವ ತುದಿಗಳನ್ನು ನುಂಗಿ ಅರಗಿಸುವುದು ಈ ಪದರದ ಕೆಲಸ. ಅರಗದೆ ಉಳಿದದ್ದು ಒಲೆಯ ಮಸಿಯಂತೆ ವರ್ಷಗಟ್ಟಲೆ ಕೂಡಿಕೊಳ್ಳುತ್ತದೆ. ಇದರ ಹೆಸರು ಲಿಪೋಫಸಿನ್. ನೀಲಿ ಬೆಳಕಿಗೆ ಮಿನುಗುವುದು ಮುಖ್ಯವಾಗಿ ಈ ಮಸಿಯೇ. ಆದರೆ ಬಣ್ಣ ಚುಚ್ಚಿದಾಗಿನ ಹೊಳಪಿಗೆ ಹೋಲಿಸಿದರೆ ಇದು ನೂರನೇ ಒಂದು ಪಾಲಿನಷ್ಟು ಕ್ಷೀಣ. ಹಾಗಾಗಿ ಸಾಧಾರಣ ಕ್ಯಾಮೆರಾಕ್ಕೆ ಎಟುಕದು. ಲಂಡನ್ನಿನ ಮೂರ್‌ಫೀಲ್ಡ್ಸ್ ಆಸ್ಪತ್ರೆಯ ಫಾನ್ ರುಕ್‌ಮನ್, ಫಿಟ್ಜ್‌ಕೆ ಮತ್ತು ಬರ್ಡ್ 1995ರಲ್ಲಿ ಲೇಸರ್ ಕಿರಣದಿಂದ ಅದರ ಚಿತ್ರ ಹಿಡಿದರು. ಮಿನುಗಿನ ಮೂಲ ಲಿಪೋಫಸಿನ್ ಎಂಬುದನ್ನು ಬಾಸ್ಟನ್ನಿನ ಡೆಲೋರಿ ಮತ್ತು ಸಂಗಡಿಗರು ಅದೇ ವರ್ಷ ವಿವರಿಸಿದರು.

ಈ ಕಪ್ಪು-ಬಿಳುಪು ಚಿತ್ರವನ್ನು ಓದುವುದೇ ಒಂದು ವಿದ್ಯೆ. ಕೋಶಗಳು ಸತ್ತ ಜಾಗ ಕಪ್ಪು. ಸಂಕಟದಲ್ಲಿರುವ ಜಾಗ ಹಲವು ವೇಳೆ ಅತಿಯಾಗಿ ಬೆಳ್ಳಗೆ. ರೆಟಿನೈಟಿಸ್ ಪಿಗ್ಮೆಂಟೋಸದಲ್ಲಿ ಅನೇಕರಿಗೆ ಬಿಳಿ ಉಂಗುರವೊಂದು ಕಾಣುತ್ತದೆ. ಅದರೊಳಗೆ ದೃಷ್ಟಿ ಇನ್ನೂ ಉಳಿದಿದೆ ಎಂದರ್ಥ. ವರ್ಷ ಕಳೆದಂತೆ ಉಂಗುರ ಕಿರಿದಾಗುತ್ತದೆ. ಇನ್ನೆಷ್ಟು ಉಳಿದಿದೆ, ಎಷ್ಟು ಬೇಗ ಹೋಗುತ್ತಿದೆ ಎಂಬುದನ್ನು ಹೀಗೆ ಅಳೆಯಬಹುದು.

ಕೋಶಗಳು ಬದುಕಿದ್ದೂ ಚಿತ್ರ ಬಹುತೇಕ ಕಪ್ಪಾಗಿರುವುದುಂಟು. ಆರ್‌ಪಿಇ65 ಎಂಬ ವಂಶವಾಹಿ ಕೆಟ್ಟ ಮಕ್ಕಳಲ್ಲಿ ‘ಎ’ ಜೀವಸತ್ವದ ಚಕ್ರವೇ ನಿಂತು, ಲಿಪೋಫಸಿನ್ ಕೂಡಿಕೊಳ್ಳುವುದೇ ಇಲ್ಲ. ಮಿನುಗು ಇಲ್ಲದಿರುವುದೇ ಇಲ್ಲಿ ಸುಳಿವು. ಇದಕ್ಕೆ ವಂಶವಾಹಿ ಚಿಕಿತ್ಸೆಯೊಂದನ್ನು ಅಮೆರಿಕ 2017ರ ಡಿಸೆಂಬರ್‌ನಲ್ಲಿ ಒಪ್ಪಿತು. ಎರಡೂ ಕಣ್ಣಿಗೆ ಆಗ ಇಟ್ಟ ಬೆಲೆ 8.5 ಲಕ್ಷ ಡಾಲರ್. ಕೋಶಗಳು ಬದುಕಿರುವಾಗಲೇ ಕೊಡಬೇಕು. ಸತ್ತ ಮೇಲೆ ಪ್ರಯೋಜನವಿಲ್ಲ.

ರೆಟಿನಾ ಕ್ಯಾಮೆರಾ ಹಳ್ಳಿಗಾಡಿಗೆ ಬರಲಾರದೆಂದೇನೂ ಅಲ್ಲ. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಆರಂಭಿಸಿದ ‘ಕಿಡ್‌ರಾಪ್’ ಯೋಜನೆಯಲ್ಲಿ ತಂತ್ರಜ್ಞರು ಕ್ಯಾಮೆರಾವನ್ನು ವಾಹನದಲ್ಲಿ ಜಿಲ್ಲೆಗಳಿಗೆ ಒಯ್ದು, ದಿನ ತುಂಬುವ ಮುನ್ನ ಹುಟ್ಟಿದ ಶಿಶುಗಳ ರೆಟಿನಾ ಚಿತ್ರವನ್ನು ದೂರದ ತಜ್ಞರಿಗೆ ಕಳಿಸುತ್ತಾರೆ. ಅದು ಸಾಮಾನ್ಯ ಬಣ್ಣದ ಚಿತ್ರ. ಮಿನುಗನ್ನು ಹಿಡಿಯುವ ಲೇಸರ್ ಯಂತ್ರ ಹೆಚ್ಚಾಗಿ ದೊಡ್ಡ ಆಸ್ಪತ್ರೆಗಳಲ್ಲಿದೆ.