ಕ್ಲೌಡ್ ಡಿಪ್ಲಾಯ್‌ಮೆಂಟ್ ಎನ್ವಿರಾನ್‌ಮೆಂಟ್: ಚರಿತ್ರೆ

ತಂತ್ರಾಂಶವನ್ನು ಪರೀಕ್ಷಿಸಲು ಇಲ್ಲವೆ ಬಳಕೆದಾರರಿಗಾಗಿ ನಡೆಸಲು ಕ್ಲೌಡ್‌ನಲ್ಲಿ ಸಜ್ಜುಗೊಳಿಸುವ ಸರ್ವರ್, ಡೇಟಾಬೇಸ್, ನೆಟ್‌ವರ್ಕ್‌ಗಳ ಒಟ್ಟು ಏರ್ಪಾಟು. ಪರೀಕ್ಷೆಗೆ ಮೀಸಲಾದ ಸ್ಟೇಜಿಂಗ್, ಬಳಕೆದಾರರಿಗೆ ತೆರೆದ ಪ್ರೊಡಕ್ಷನ್‌ಗಳು ವರ್ಷಗಟ್ಟಲೆ ಉಳಿಯುತ್ತವೆ. ಕೋಡ್ ಬದಲಾವಣೆ ಕೋರುವ ಒಂದು ಪುಲ್ ರಿಕ್ವೆಸ್ಟ್‌ಗೆಂದೇ ಹುಟ್ಟಿ, ಅದು ಮುಖ್ಯ ಕೋಡ್‌ಗೆ ಮರ್ಜ್ ಆದೊಡನೆ ಅಳಿಯುವಂಥವು ತಾತ್ಕಾಲಿಕ.

2006ರ ಆಗಸ್ಟ್‌ನಲ್ಲಿ ಅಮೆಜಾನ್ ಇಸಿ2 ಬಂದು ಸರ್ವರ್‌ಗಳು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಸಿಗತೊಡಗಿದವು. ಇಡೀ ಏರ್ಪಾಟನ್ನು ಕಡತದಲ್ಲಿ ಬರೆದಿಟ್ಟು ಬೇಕೆಂದಾಗ ಕಟ್ಟುವ ಸೌಕರ್ಯ ಕ್ಲೌಡ್‌ಫಾರ್ಮೇಶನ್ (2011), ಟೆರಾಫಾರ್ಮ್‌ಗಳಿಂದ (2014) ಒದಗಿತು.

ಪ್ರತಿ ಬದಲಾವಣೆಗೂ ಬೇರೆಯೇ ಎನ್ವಿರಾನ್‌ಮೆಂಟ್ ಎಂಬ ಪದ್ಧತಿ ಯಾರಿಂದ ಶುರುವಾಯಿತು ಎಂಬಲ್ಲಿ ಒಮ್ಮತವಿಲ್ಲ. ಸಾಮಾನ್ಯವಾಗಿ ಆ ಹಿರಿಮೆ 2015ರ ಹೆರೋಕು ರಿವ್ಯೂ ಆ್ಯಪ್ಸ್‌ಗೆ ಸಲ್ಲುತ್ತದೆ. ಆದರೆ ಗಿಟ್ ಬ್ರಾಂಚ್‌ಗೊಂದು ಎನ್ವಿರಾನ್‌ಮೆಂಟ್ ಕೊಡುವ ಪ್ಲಾಟ್‌ಫಾರ್ಮ್.ಎಸ್‌ಎಚ್ 2014ರಲ್ಲೇ ಬಂದಿತ್ತು. ಎರಡನ್ನೂ ಒಂದೇ ಎಂದೆಣಿಸುವುದರಿಂದ ಗೊಂದಲ ಬೆಳೆದಿದೆ. ಹೆರೋಕುವಿನಲ್ಲಿ ಹೊಸ ಆ್ಯಪ್‌ನ ಡೇಟಾಬೇಸ್ ಬರಿದಾಗಿರುತ್ತಿತ್ತು. ಡಿಪ್ಲಾಯ್ ಆದ ಮೇಲೆ ಓಡುವ ಸ್ಕ್ರಿಪ್ಟ್ ಅದಕ್ಕೆ ಮಾದರಿ ದತ್ತಾಂಶ ತುಂಬಬೇಕಿತ್ತು. ಪ್ಲಾಟ್‌ಫಾರ್ಮ್.ಎಸ್‌ಎಚ್ ಮೂಲ ಎನ್ವಿರಾನ್‌ಮೆಂಟ್‌ನ ದತ್ತಾಂಶವನ್ನೂ ನಕಲಿಸುತ್ತಿತ್ತು. ಹಳೆಯ ಗ್ರಾಹಕರ ದಾಖಲೆಗಳ ಮೇಲೆ ಸ್ಕೀಮಾ ಬದಲಾವಣೆ ಎಡವಿದರೆ ಇಲ್ಲಿ ಮುಂಚೆಯೇ ಗೊತ್ತಾಗುತ್ತದೆ. ಅದೇ ನಕಲಿನಿಂದ ಖಾಸಗಿ ಮಾಹಿತಿ ಹತ್ತು ಕಡೆ ಹರಡುವ ಅಪಾಯವೂ ಇದೆ. ಮೊದಲಿಗರು ಯಾರೆಂಬುದಕ್ಕಿಂತ ಈ ವ್ಯತ್ಯಾಸ ದೊಡ್ಡದು.

ಅಷ್ಟಾಗಿ ಗಮನಕ್ಕೆ ಬಾರದ ತಿರುವು ಬಿಲ್ಲಿನದು. ಇಸಿ2ನಲ್ಲಿ ಹತ್ತು ನಿಮಿಷ ಓಡಿದ ಸರ್ವರ್‌ಗೂ ಪೂರ್ತಿ ಗಂಟೆಯ ಬಾಡಿಗೆ ಬೀಳುತ್ತಿತ್ತು. 2017ರ ಅಕ್ಟೋಬರ್ 2ರಿಂದ ಲಿನಕ್ಸ್ ಸರ್ವರ್‌ಗಳಿಗೆ ಸೆಕೆಂಡಿನ ಲೆಕ್ಕ ಬಂತು, ಕನಿಷ್ಠ 60 ಸೆಕೆಂಡು. ದಿನಕ್ಕೆ ಹತ್ತಾರು ಸಲ ಕಟ್ಟಿ ಕೆಡವುವ ತಂಡಗಳಿಗೆ ತಾತ್ಕಾಲಿಕ ಎನ್ವಿರಾನ್‌ಮೆಂಟ್ ನಿಜವಾಗಿ ಅಗ್ಗವಾದದ್ದು ಆಗಲೇ.

ಕಟ್ಟಿದಷ್ಟು ಸಲೀಸಾಗಿ ಕೆಡವುವ ಕೆಲಸ ನಡೆಯಲಿಲ್ಲ. ಆ್ಯಪ್ ಅಳಿಸಿ ಡಿಎನ್‌ಎಸ್ ನಮೂದನ್ನು ಹಾಗೆಯೇ ಬಿಟ್ಟರೆ ಆ ಸಬ್‌ಡೊಮೇನ್ ಪರರ ಪಾಲಾಗಬಹುದೆಂದು ಸ್ವೀಡನ್ನಿನ ಡಿಟೆಕ್ಟಿಫೈ ಸಂಸ್ಥೆ 2014ರಲ್ಲಿ ತೋರಿಸಿಕೊಟ್ಟಿತು. ಗಿಟ್‌ಲ್ಯಾಬ್ 2016ರಲ್ಲಿ ರಿವ್ಯೂ ಆ್ಯಪ್ಸ್ ತಂದರೂ, ಎನ್ವಿರಾನ್‌ಮೆಂಟ್‌ನ ಆಯುಸ್ಸನ್ನು ಕಡತದಲ್ಲೇ ನಿಗದಿ ಮಾಡುವ ಸೌಲಭ್ಯ ಸೇರಿದ್ದು 2020ರಲ್ಲಿ: ಒಂದು ವಾರ ಎಂದು ಬರೆದರೆ ವಾರ ಕಳೆದ ಮೇಲೆ ತಾನಾಗಿ ನಿಲ್ಲುತ್ತದೆ.

ಇಷ್ಟಾದರೂ ಸ್ಟೇಜಿಂಗ್ ಹೋಗಿಲ್ಲ, ಅದಕ್ಕೆ ಕಾರಣವೂ ಇದೆ. ಓಆತ್ ಲಾಗಿನ್‌ನಲ್ಲಿ ಬಳಕೆದಾರ ಮರಳಿ ಬರುವ ವಿಳಾಸವನ್ನು ಮೊದಲೇ ನೋಂದಾಯಿಸಿರಬೇಕು. ಪುಲ್ ರಿಕ್ವೆಸ್ಟ್‌ನ ಸಂಖ್ಯೆಯೊಡನೆ ವಿಳಾಸವೂ ಬದಲಾಗುತ್ತಿದ್ದರೆ ಅದು ನಡೆಯುವುದಿಲ್ಲ. ಹೀಗಾಗಿ ಲಾಗಿನ್‌ನಂಥ ಪರೀಕ್ಷೆಗಳನ್ನು ಬಹಳ ತಂಡಗಳು ಈಗಲೂ ಸ್ಟೇಜಿಂಗ್‌ನಲ್ಲೇ ಮಾಡುತ್ತವೆ.