ಸೀಟಿನ ಬೆಲೆ



‘ಸೀಟು’ ಎಂಬ ಮಾತನ್ನು ನಾವು ಹೆಚ್ಚಾಗಿ ಎರಡು ಕಡೆ ಬಳಸುತ್ತೇವೆ. ಒಂದು ಬಸ್ಸಿನಲ್ಲಿ, ಇನ್ನೊಂದು ಕಾಲೇಜಿನಲ್ಲಿ. ಬಸ್ಸಿನ ಸೀಟಿಗಾದರೆ ಕಿಟಕಿಯಿಂದ ಒಂದು ಕರವಸ್ತ್ರ ಹಾಕಿದರೆ ಸಾಕು. ಕಾಲೇಜಿನ ಸೀಟಿಗೆ ಏನನ್ನು ಹಾಕಬೇಕು? ಅಂಕವನ್ನೇ, ಹಣವನ್ನೇ? ಈ ಪ್ರಶ್ನೆಗೆ ಉತ್ತರ ಹುಡುಕಲು ನಮ್ಮ ದೇಶದ ಸುಪ್ರೀಂ ಕೋರ್ಟು ಹದಿಮೂರು ವರ್ಷಗಳ ಅವಧಿಯಲ್ಲಿ ಒಮ್ಮೆ ಇಬ್ಬರು, ಎರಡು ಬಾರಿ ಐವರು, ಒಮ್ಮೆ ಹನ್ನೊಂದು ಮಂದಿ, ಮತ್ತೊಮ್ಮೆ ಏಳು ಮಂದಿ ನ್ಯಾಯಮೂರ್ತಿಗಳನ್ನು ಕೂರಿಸಬೇಕಾಯಿತು. ಆ ಮೊಕದ್ದಮೆಗಳಲ್ಲಿ ಮುಖ್ಯವಾದವು ಕರ್ನಾಟಕದ ಮಣ್ಣಿನಿಂದಲೇ ಎದ್ದವು ಎಂಬುದು ನಮಗೆ ಹೆಮ್ಮೆಯ ವಿಷಯವೋ ಅಲ್ಲವೋ, ಕತೆ ಕೇಳಿ ನೀವೇ ಹೇಳಿ.

ಕತೆ ಕರಾವಳಿಯಿಂದ ಆರಂಭವಾಗುತ್ತದೆ. 1925ರಲ್ಲಿ ಉಡುಪಿಯಲ್ಲಿ ಮೂವರು ಸೇರಿ ಎಂಟು ಸಾವಿರ ರೂಪಾಯಿ ಬಂಡವಾಳದಲ್ಲಿ ಒಂದು ಸಣ್ಣ ಬ್ಯಾಂಕು ಕಟ್ಟಿದರು. ಕೈಮಗ್ಗದ ಕಸುಬು ಕುಸಿದು ನೇಕಾರರು ಕಷ್ಟದಲ್ಲಿದ್ದ ಕಾಲ ಅದು. ಮೂವರಲ್ಲಿ ಒಬ್ಬರು ವ್ಯಾಪಾರಿ ಉಪೇಂದ್ರ ಅನಂತ ಪೈ, ಇನ್ನೊಬ್ಬರು ವಾಮನ ಕುಡ್ವ, ಮೂರನೆಯವರು ವೈದ್ಯರಾದ ಡಾ. ಟಿ.ಎಂ.ಎ. ಪೈ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಆ ಸಂಸ್ಥೆ 1928ರಲ್ಲಿ ‘ಪಿಗ್ಮಿ’ ಠೇವಣಿಯನ್ನು ಆರಂಭಿಸಿತು. ಬ್ಯಾಂಕಿನ ಏಜೆಂಟು ದಿನವೂ ಮನೆಬಾಗಿಲಿಗೆ, ಅಂಗಡಿಯ ಗಲ್ಲಾಪೆಟ್ಟಿಗೆಯ ಬಳಿಗೆ ಬಂದು ಎರಡಾಣೆಯಷ್ಟು ಚಿಕ್ಕ ಮೊತ್ತವನ್ನೂ ಪಡೆದುಕೊಂಡು ಹೋಗುತ್ತಿದ್ದ. ಬಡವನ ಬಳಿ ಬಂಡವಾಳವಿಲ್ಲ ಎಂಬ ನಂಬಿಕೆ ಸುಳ್ಳಾಯಿತು. ಬಂಡವಾಳ ಇತ್ತು, ಅದನ್ನು ಒಟ್ಟುಗೂಡಿಸುವವರು ಇರಲಿಲ್ಲ, ಅಷ್ಟೇ.

ಇದೇ ಡಾ. ಪೈಯವರು ಉಡುಪಿಯ ಪಕ್ಕದ ಬೋಳುಗುಡ್ಡವೊಂದರ ಮೇಲೆ ಕಣ್ಣಿಟ್ಟರು. 1942ರಲ್ಲಿ ಅವರು ಸ್ಥಾಪಿಸಿದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಬೇರೆ ಬೇರೆ ಊರುಗಳಲ್ಲಿ ಶಾಲೆ ಕಾಲೇಜುಗಳನ್ನು ತೆರೆಯತೊಡಗಿತು. 1953ರಲ್ಲಿ ಆ ಗುಡ್ಡದ ಮೇಲೆ, ಅಂದರೆ ಮಣಿಪಾಲದಲ್ಲಿ, ಕಸ್ತೂರ್ಬಾ ವೈದ್ಯಕೀಯ ಕಾಲೇಜು ಆರಂಭವಾಯಿತು. ದಕ್ಷಿಣ ಕನ್ನಡ ಜಿಲ್ಲೆ ಆಗಿನ್ನೂ ಮದ್ರಾಸು ರಾಜ್ಯದಲ್ಲಿತ್ತು. ಸ್ವಾತಂತ್ರ್ಯ ಬಂದು ಆರೇ ವರ್ಷ. ವೈದ್ಯರ ಕೊರತೆ ದೇಶದ ಉದ್ದಗಲಕ್ಕೂ ಇತ್ತು, ಹೊಸ ಕಾಲೇಜು ಕಟ್ಟಲು ಸರ್ಕಾರದ ಬೊಕ್ಕಸದಲ್ಲಿ ಹಣವಿರಲಿಲ್ಲ. ಹಾಗಾದರೆ ಹಣ ಎಲ್ಲಿಂದ ಬರಬೇಕು? ಕಲಿಯಲು ಬರುವವರಿಂದಲೇ, ಪ್ರವೇಶದ ಹೊತ್ತಿಗೇ.

ಇಲ್ಲಿ ಒಂದು ಕ್ಷಣ ನಿಲ್ಲೋಣ. ಪಿಗ್ಮಿಯಲ್ಲಿ ಅನೇಕರಿಂದ ಸ್ವಲ್ಪ ಸ್ವಲ್ಪ ಪಡೆದು ದೊಡ್ಡದು ಕಟ್ಟಲಾಯಿತು. ವೈದ್ಯಕೀಯ ಕಾಲೇಜಿನಲ್ಲಿ ಕೆಲವರಿಂದ ಹೆಚ್ಚು ಪಡೆದು ದೊಡ್ಡದು ಕಟ್ಟಲಾಯಿತು. ಎರಡರ ಹಿಂದಿನ ಬುದ್ಧಿ ಒಂದೇ. ಆದರೆ ಪಿಗ್ಮಿ ಕಟ್ಟುವವನಿಗೆ ಹಣ ಬಡ್ಡಿಸಮೇತ ಮರಳಿ ಬರುತ್ತಿತ್ತು. ಕಾಲೇಜಿಗೆ ಕೊಟ್ಟದ್ದಕ್ಕೆ ಪ್ರತಿಯಾಗಿ ಸಿಗುತ್ತಿದ್ದುದು ಒಂದು ಸೀಟು. ಹಣವಿಲ್ಲದ ಜಾಣ ಹುಡುಗ ಹೊರಗೇ ಉಳಿಯುತ್ತಿದ್ದ. ಮಣಿಪಾಲದ ದಾರಿಯನ್ನು ಮೆಚ್ಚುವವರೂ ತೆಗಳುವವರೂ ಇಂದಿಗೂ ಇದ್ದಾರೆ. ನನಗನ್ನಿಸುವಂತೆ, ಆ ಗುಡ್ಡದಲ್ಲಿ ಕಲಿತು ಹೊರಬಂದ ವೈದ್ಯರನ್ನು ಲೆಕ್ಕಕ್ಕೆ ಹಿಡಿಯದೆ ತೆಗಳುವುದು ಅನ್ಯಾಯ. ಹೊರಗೆ ಉಳಿದವರನ್ನು ಲೆಕ್ಕಕ್ಕೆ ಹಿಡಿಯದೆ ಮೆಚ್ಚುವುದೂ ಅನ್ಯಾಯವೇ.

ಕರ್ನಾಟಕದ ಇತರ ಭಾಗಗಳಲ್ಲಿಯೂ ಸಂಘ ಸಂಸ್ಥೆಗಳು ವಿದ್ಯೆಗಾಗಿ ದುಡಿಯುತ್ತಿದ್ದವು. ಬೆಳಗಾವಿಯ ಕೆ.ಎಲ್.ಇ. ಸಂಸ್ಥೆಯನ್ನು 1916ರಲ್ಲಿ ಕಟ್ಟಿದವರನ್ನು ಆ ಭಾಗದ ಜನ ಇಂದಿಗೂ ಸಪ್ತರ್ಷಿಗಳೆಂದು ಕರೆಯುತ್ತಾರೆ. 1960ರ ದಶಕದಲ್ಲಿ ಬೆಳಗಾವಿ, ಕಲಬುರ್ಗಿ, ದಾವಣಗೆರೆಗಳಲ್ಲಿ ಖಾಸಗಿ ವೈದ್ಯಕೀಯ ಕಾಲೇಜುಗಳು ಬಂದವು. ಆಮೇಲಿನ ಎರಡು ದಶಕಗಳಲ್ಲಿ ಎಂಜಿನಿಯರಿಂಗ್ ಕಾಲೇಜುಗಳು ಮಳೆಗಾಲದ ಅಣಬೆಗಳಂತೆ ಎದ್ದವು. ಹಿಂದಿನವರ ತ್ಯಾಗ ಎಲ್ಲಿ ಮುಗಿದು ವ್ಯಾಪಾರ ಎಲ್ಲಿ ಆರಂಭವಾಯಿತೆಂದು ಗೆರೆ ಎಳೆದು ತೋರಿಸುವುದು ಕಷ್ಟ. ಕಾಗದದ ಮೇಲೆ ಇವು ಯಾವುವೂ ವ್ಯಾಪಾರಗಳಲ್ಲ. ಕಾಲೇಜು ನಡೆಸುತ್ತಿದ್ದುದು ಕಂಪನಿಯಲ್ಲ. ನೋಂದಾಯಿತ ಸಂಘ ಇಲ್ಲವೇ ಟ್ರಸ್ಟು. ಲಾಭವನ್ನು ಹಂಚಿಕೊಳ್ಳುವಂತಿಲ್ಲ. ಆದ್ದರಿಂದಲೇ ಸೀಟಿಗಾಗಿ ಕೊಟ್ಟ ಹಣಕ್ಕೆ ‘ಬೆಲೆ’ ಎಂಬ ಹೆಸರು ಬರಲಿಲ್ಲ, ‘ಡೊನೇಷನ್’ ಎಂಬ ಹೆಸರು ಬಂತು. ದಾನ ಮಾಡದಿದ್ದರೆ ಸೀಟಿಲ್ಲ ಎಂಬಂಥ ದಾನ! ಕಾನೂನಿನ ಭಾಷೆಯಲ್ಲಿ ಅದು ಕ್ಯಾಪಿಟೇಶನ್ ಶುಲ್ಕ, ಎಂದರೆ ತಲೆಗಿಷ್ಟು ಎಂದು ಪಡೆಯುವ ಹಣ.

ಸುಪ್ರೀಂ ಕೋರ್ಟಿಗೆ ಈ ಪದ ಹೊಸದಾಗಿರಲಿಲ್ಲ. 1955ರಲ್ಲೇ ಇಂದೂರಿನ ವೈದ್ಯಕೀಯ ಕಾಲೇಜೊಂದು ಹೊರರಾಜ್ಯದವರಿಂದ ಮಾತ್ರ ಈ ಶುಲ್ಕ ಪಡೆಯುತ್ತಿದ್ದುದನ್ನು ಡಿ.ಪಿ. ಜೋಶಿ ಎಂಬ ವಿದ್ಯಾರ್ಥಿ ಪ್ರಶ್ನಿಸಿದ್ದರು. ಬಹುಮತದ ತೀರ್ಪು ಅವರಿಗೆ ವಿರುದ್ಧವಾಗಿ ಬಂತು. ಆಗ ಚರ್ಚೆಯಾದದ್ದು ಒಂದು ರಾಜ್ಯದವರಿಗೂ ಇನ್ನೊಂದು ರಾಜ್ಯದವರಿಗೂ ಭೇದ ಮಾಡಬಹುದೇ ಎಂಬುದು. ವಿದ್ಯೆಯನ್ನು ಮಾರಬಹುದೇ ಎಂಬ ಪ್ರಶ್ನೆ ಇನ್ನೂ ಮೂವತ್ತೇಳು ವರ್ಷ ಕಾಯಬೇಕಾಯಿತು.

1984ರಲ್ಲಿ ಕರ್ನಾಟಕ ಸರ್ಕಾರ ಕ್ಯಾಪಿಟೇಶನ್ ಶುಲ್ಕವನ್ನು ನಿಷೇಧಿಸುವ ಕಾಯಿದೆ ತಂದಿತು. ಕಾಯಿದೆಯನ್ನು ಸ್ವಲ್ಪ ಎಚ್ಚರದಿಂದ ಓದಬೇಕು. ಸರ್ಕಾರ ಗೊತ್ತುಪಡಿಸಿದ ಶುಲ್ಕಕ್ಕಿಂತ ಹೆಚ್ಚು ಪಡೆದರೆ ಅದು ಕ್ಯಾಪಿಟೇಶನ್ ಶುಲ್ಕ, ಅಪರಾಧ. ಹಾಗಾದರೆ ಸರ್ಕಾರವೇ ಹೆಚ್ಚಿನ ಶುಲ್ಕವನ್ನು ಗೊತ್ತುಪಡಿಸಿದರೆ? 1989ರ ಜೂನ್ 5ರಂದು ಹೊರಟ ಅಧಿಸೂಚನೆ ಅದನ್ನೇ ಮಾಡಿತು. ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ‘ಸರ್ಕಾರಿ ಸೀಟು’ ಪಡೆದವರಿಗೆ ವರ್ಷಕ್ಕೆ 2,000 ರೂಪಾಯಿ. ಉಳಿದ ಸೀಟುಗಳಲ್ಲಿ ಕರ್ನಾಟಕದವರಿಗೆ 25,000, ಹೊರರಾಜ್ಯದವರಿಗೆ 60,000 ರೂಪಾಯಿ. ಒಂದೇ ತರಗತಿ, ಒಂದೇ ಬೆಂಚು, ಒಂದೇ ಶವಪರೀಕ್ಷೆಯ ಮೇಜು. ಪಕ್ಕದಲ್ಲಿ ನಿಂತವನಿಗಿಂತ ಮೂವತ್ತು ಪಟ್ಟು ಹಣ!

ಉತ್ತರ ಪ್ರದೇಶದ ಮೀರತ್ತಿನ ಮೋಹಿನಿ ಜೈನ್ 1991ರಲ್ಲಿ ತುಮಕೂರಿನ ಒಂದು ಖಾಸಗಿ ವೈದ್ಯಕೀಯ ಕಾಲೇಜಿಗೆ ಎಂ.ಬಿ.ಬಿ.ಎಸ್. ಪ್ರವೇಶ ಬಯಸಿದರು. ಮೊದಲ ವರ್ಷಕ್ಕೆ 60,000 ರೂಪಾಯಿ ಕಟ್ಟಿ, ಉಳಿದ ವರ್ಷಗಳ ಶುಲ್ಕಕ್ಕೆ ಬ್ಯಾಂಕ್ ಗ್ಯಾರಂಟಿ ಕೊಡಬೇಕೆಂದು ಉತ್ತರ ಬಂತು. ಅಷ್ಟು ಹಣ ತಮ್ಮಿಂದಾಗದು ಎಂದರು ತಂದೆ. ಇದಲ್ಲದೆ ನಾಲ್ಕೂವರೆ ಲಕ್ಷ ರೂಪಾಯಿ ಕೇಳಿದರೆಂದು ಅರ್ಜಿಯಲ್ಲಿತ್ತು. ಕಾಲೇಜು ಅದನ್ನು ನಿರಾಕರಿಸಿತು. ಆಡಳಿತ ಮಂಡಳಿಯ ವಾದದಲ್ಲಿ ಇನ್ನೊಂದು ಲೆಕ್ಕವೂ ಇತ್ತು. ಒಬ್ಬ ವಿದ್ಯಾರ್ಥಿಯನ್ನು ಐದು ವರ್ಷ ಓದಿಸಲು ಸುಮಾರು ಐದು ಲಕ್ಷ ರೂಪಾಯಿ ಬೇಕು. ನೂರರಲ್ಲಿ ನಲವತ್ತು ಸೀಟುಗಳನ್ನು ಸರ್ಕಾರ 2,000 ರೂಪಾಯಿಗೆ ತೆಗೆದುಕೊಳ್ಳುತ್ತದೆ. ಆ ಹೊರೆಯನ್ನು ಉಳಿದವರ ಮೇಲೆ ಹೊರಿಸದೆ ಬೇರೆ ದಾರಿಯೇನು? ಈ ವಾದವನ್ನು ತಳ್ಳಿಹಾಕುವ ಮೊದಲು ನೀವೂ ಕಾಗದ ಪೆನ್ಸಿಲು ಹಿಡಿದು ಕೂಡಿ ಕಳೆದು ನೋಡಿ. ಲೆಕ್ಕದಲ್ಲಿ ತಪ್ಪು ಸಿಗುವುದಿಲ್ಲ. ಪ್ರಶ್ನೆ ಇರುವುದು ಲೆಕ್ಕದ ಹೊರಗೆ: ಆ ಹೊರೆ ಯಾರದು?

1992ರ ಜುಲೈ 30ರಂದು ನ್ಯಾಯಮೂರ್ತಿಗಳಾದ ಕುಲದೀಪ್ ಸಿಂಗ್ ಮತ್ತು ಆರ್.ಎಂ. ಸಹಾಯ್ ತೀರ್ಪಿತ್ತರು. ನಮ್ಮ ಸಂವಿಧಾನದಲ್ಲಿ ಶಿಕ್ಷಣದ ಮಾತು ಬಂದಿದ್ದುದು ರಾಜ್ಯನೀತಿಯ ನಿರ್ದೇಶಕ ತತ್ತ್ವಗಳಲ್ಲಿ. ಅವು ಸರ್ಕಾರಕ್ಕೆ ಹೇಳಿದ ಬುದ್ಧಿಮಾತುಗಳು. ಅವನ್ನು ಹಿಡಿದು ಕೋರ್ಟಿಗೆ ಹೋಗುವಂತಿಲ್ಲ. ಆದರೆ 21ನೆಯ ಅನುಚ್ಛೇದದ ಜೀವಿಸುವ ಹಕ್ಕು ಮೂಲಭೂತ ಹಕ್ಕು. ವಿದ್ಯೆಯಿಲ್ಲದೆ ಮಾನವಂತ ಬದುಕಿಲ್ಲ, ಆದ್ದರಿಂದ ಶಿಕ್ಷಣದ ಹಕ್ಕು ಆ ಜೀವಿಸುವ ಹಕ್ಕಿನೊಳಗೇ ಇದೆ ಎಂದಿತು ಪೀಠ. ಕ್ಯಾಪಿಟೇಶನ್ ಶುಲ್ಕವೆಂದರೆ ವಿದ್ಯೆಯ ಮಾರಾಟ, ಅಧಿಸೂಚನೆಯ ಹೆಸರಿನಲ್ಲಿ ಪಡೆದರೂ ಅದು ಅದೇ ಎಂದಿತು. 

ಮತ್ತೆ ಮೋಹಿನಿ ಜೈನ್‌ಗೆ ಏನಾಯಿತು? ಸೀಟು ಸಿಗಲಿಲ್ಲ. ಅವರು ಅರ್ಹತೆಯ ಪಟ್ಟಿಯಿಂದ ಆಯ್ಕೆಯಾದವರಲ್ಲ, ತರಗತಿಗಳೂ 1991ರಲ್ಲೇ ಆರಂಭವಾಗಿವೆ ಎಂದು ಪೀಠ ಪ್ರವೇಶದ ಆದೇಶ ಕೊಡಲಿಲ್ಲ. ತೀರ್ಪು ಮುಂದಿನವರಿಗೆ ಮಾತ್ರ ಅನ್ವಯ. ಪಠ್ಯಪುಸ್ತಕಗಳಲ್ಲಿ ಈ ಮೊಕದ್ದಮೆಯ ಹೆಸರು ಬರುತ್ತದೆ, ಈ ಭಾಗ ಹೆಚ್ಚಾಗಿ ಬಿಟ್ಟುಹೋಗುತ್ತದೆ.

ಖಾಸಗಿ ಕಾಲೇಜುಗಳು ಸುಮ್ಮನಿರುವಂತಿರಲಿಲ್ಲ. ಕರ್ನಾಟಕ, ಆಂಧ್ರ, ತಮಿಳುನಾಡು, ಮಹಾರಾಷ್ಟ್ರಗಳ ಸಂಸ್ಥೆಗಳು ಕೋರ್ಟಿನ ಬಾಗಿಲು ತಟ್ಟಿದವು. 1993ರ ಫೆಬ್ರವರಿ 4ರಂದು ಉನ್ನಿಕೃಷ್ಣನ್ ಪ್ರಕರಣದಲ್ಲಿ ಐವರ ಪೀಠ ಹಿಂದಿನ ತೀರ್ಪನ್ನು ಅರ್ಧ ಒಪ್ಪಿ ಅರ್ಧ ಕುಗ್ಗಿಸಿತು. ಶಿಕ್ಷಣ ಮೂಲಭೂತ ಹಕ್ಕು ಹೌದು, ಆದರೆ ಉಚಿತವಾಗಿ ಕೇಳಬಹುದಾದದ್ದು ಹದಿನಾಲ್ಕು ವರ್ಷದವರೆಗೆ. ಅದರಾಚೆಗೆ ಸರ್ಕಾರದ ಆರ್ಥಿಕ ಶಕ್ತಿ ಇದ್ದಷ್ಟು. ಹತ್ತು ವರ್ಷದೊಳಗೆ ಎಲ್ಲ ಮಕ್ಕಳಿಗೂ ಉಚಿತ, ಕಡ್ಡಾಯ ಶಿಕ್ಷಣ ಕೊಡಬೇಕೆಂದು 1950ರಲ್ಲಿ ಸಂವಿಧಾನ ಬರೆದಿತ್ತು. ಆ ಗಡುವು 1960ಕ್ಕೇ ಮುಗಿದಿತ್ತು. ವೈದ್ಯಕೀಯ ಸೀಟಿನ ಜಗಳದ ನಡುವೆ ನ್ಯಾಯಾಲಯಕ್ಕೆ ಒಂದನೇ ತರಗತಿಯ ಮಗು ನೆನಪಾಯಿತು!

ಅದೇ ತೀರ್ಪು ಕಾಲೇಜುಗಳಿಗೆ ಒಂದು ಯೋಜನೆಯನ್ನೂ ಕೊಟ್ಟಿತು. ಅರ್ಧ ಸೀಟು ‘ಉಚಿತ’, ಅರ್ಧ ಸೀಟು ‘ಪಾವತಿ’. ಎರಡಕ್ಕೂ ಅರ್ಹತೆಯೇ ಮಾನದಂಡ. 1994ರಲ್ಲಿ ಕರ್ನಾಟಕದಲ್ಲಿ ಸಿಇಟಿ ಘಟಕ ಬಂತು. ‘ಫ್ರೀ ಸೀಟ್’, ‘ಪೇಮೆಂಟ್ ಸೀಟ್’ ಎಂಬ ಮಾತುಗಳು ಹಳ್ಳಿಯ ಕಟ್ಟೆಯವರೆಗೂ ಹೋದವು. ಆ ದಶಕದ ಕೊನೆಯಲ್ಲಿ ಸಿಇಟಿ ಬರೆದವರಲ್ಲಿ ನಾನೂ ಒಬ್ಬ. ನನ್ನ ರ‍್ಯಾಂಕಿಗೆ ಪೇಮೆಂಟ್ ಸೀಟು ಸಿಗುತ್ತಿತ್ತು. ಮನೆಯಲ್ಲಿ ಎರಡು ರಾತ್ರಿ ಮಾತುಕತೆ ನಡೆಯಿತು. ಮೂರನೆಯ ದಿನ ನಾನು ಬಿ.ಎಸ್ಸಿ. ಅರ್ಜಿ ತಂದೆ. ನನಗೆ ದೂರಿಲ್ಲ, ಆದರೆ ಪಾವತಿ ಸೀಟಿನವನು ಕಟ್ಟುವ ಹಣದಿಂದ ಉಚಿತ ಸೀಟಿನವನು ಓದುತ್ತಾನೆಂಬ ಗುಟ್ಟು ಆಗ ಗೊತ್ತಿರಲಿಲ್ಲ. ಪಟ್ಟಣದ ಒಳ್ಳೆಯ ಶಾಲೆ, ಟ್ಯೂಷನ್ ಎಲ್ಲ ಸಿಕ್ಕ ಅನುಕೂಲಸ್ಥರ ಮಕ್ಕಳು ಉಚಿತ ಸೀಟು ಪಡೆದು, ಹಳ್ಳಿಯ ಮಕ್ಕಳು ಸಾಲ ಮಾಡಿ ಪಾವತಿ ಸೀಟಿಗೆ ಹೋಗುವ ವಿಚಿತ್ರವೂ ನಡೆಯಿತು. ಇದನ್ನು ಮುಂದೆ ಸುಪ್ರೀಂ ಕೋರ್ಟೇ ಗುರುತಿಸಿತು.

ಹಾಗೆ ಗುರುತಿಸಿದ್ದು 2002ರಲ್ಲಿ. ಆ ವರ್ಷದ ಅಕ್ಟೋಬರ್ 31ರಂದು ಹನ್ನೊಂದು ನ್ಯಾಯಮೂರ್ತಿಗಳ ಪೀಠ ಟಿ.ಎಂ.ಎ. ಪೈ ಪ್ರತಿಷ್ಠಾನ ಮತ್ತು ಕರ್ನಾಟಕ ಸರ್ಕಾರದ ನಡುವಿನ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು. ಡಾಕ್ಟರು 1979ರಲ್ಲೇ ತೀರಿಕೊಂಡಿದ್ದರು. ಅವರ ಹೆಸರು ಮಾತ್ರ ದೇಶದ ಕಾನೂನು ಗ್ರಂಥಗಳನ್ನು ಸೇರಿತು. ಶಾಲೆ ಕಾಲೇಜು ಸ್ಥಾಪಿಸಿ ನಡೆಸುವುದೂ ಸಂವಿಧಾನ ಕೊಟ್ಟ ವೃತ್ತಿಸ್ವಾತಂತ್ರ್ಯದೊಳಗೆ ಬರುತ್ತದೆ, 1993ರ ಯೋಜನೆ ಸಲ್ಲದು, ಸಂಸ್ಥೆಗಳು ಬೆಳವಣಿಗೆಗಾಗಿ ಹಿತಮಿತವಾದ ಮಿಗತೆಯನ್ನು ಉಳಿಸಿಕೊಳ್ಳಬಹುದು, ಆದರೆ ಲಾಭಕೋರತನವೂ ಕ್ಯಾಪಿಟೇಶನ್ ಶುಲ್ಕವೂ ಕೂಡದು ಎಂದಿತು ಪೀಠ. ಹಿತಮಿತವೆಂದರೆ ಎಷ್ಟು? ಅದನ್ನು ಬಿಡಿಸಲು 2003ರಲ್ಲಿ ಐವರ ಪೀಠ ನಿವೃತ್ತ ನ್ಯಾಯಾಧೀಶರ ಸಮಿತಿಗಳನ್ನು ಮಾಡಿಸಿತು, 2005ರಲ್ಲಿ ಏಳು ಮಂದಿಯ ಪೀಠ ಮತ್ತೆ ಕುಳಿತಿತು. ಕರ್ನಾಟಕ 2006ರಲ್ಲಿ ಪ್ರವೇಶ ಮತ್ತು ಶುಲ್ಕದ ಬಗ್ಗೆ ಹೊಸ ಕಾಯಿದೆ ಮಾಡಿತು. ಮುಂದೆ ನೀಟ್ ಪರೀಕ್ಷೆ ಬಂದು ವೈದ್ಯಕೀಯ ಪ್ರವೇಶಕ್ಕೆ ದೇಶಕ್ಕೆಲ್ಲ ಒಂದೇ ಬಾಗಿಲಾಯಿತು. ಬಾಗಿಲು ಒಂದಾದರೂ ಒಳಗಿನ ದರಪಟ್ಟಿ ಒಂದಾಗಲಿಲ್ಲ.

ಹನ್ನೊಂದು ಮಂದಿಯ ತೀರ್ಪು ಬಂದು ಆರು ವಾರಗಳಲ್ಲಿ, 2002ರ ಡಿಸೆಂಬರ್ 12ರಂದು, ಸಂವಿಧಾನದ 86ನೆಯ ತಿದ್ದುಪಡಿಗೆ ಒಪ್ಪಿಗೆ ದೊರೆಯಿತು. ಆರರಿಂದ ಹದಿನಾಲ್ಕು ವರ್ಷದ ಮಕ್ಕಳ ಶಿಕ್ಷಣ 21ಎ ಎಂಬ ಅನುಚ್ಛೇದವಾಗಿ ಮೂಲಭೂತ ಹಕ್ಕುಗಳ ಸಾಲಿನಲ್ಲಿ ಕುಳಿತಿತು. ಅದಕ್ಕೊಂದು ಕಾಯಿದೆ ಬರಲು 2009ರವರೆಗೆ, ಜಾರಿಗೆ ಬರಲು 2010ರ ಏಪ್ರಿಲ್ 1ರವರೆಗೆ ಕಾಯಬೇಕಾಯಿತು. ಅನುದಾನರಹಿತ ಖಾಸಗಿ ಶಾಲೆಗಳೂ ನೂರಕ್ಕೆ ಇಪ್ಪತ್ತೈದು ಸೀಟುಗಳನ್ನು ದುರ್ಬಲ ವರ್ಗದ ಮಕ್ಕಳಿಗೆ ಕೊಡಬೇಕೆಂಬ ಅದರ ನಿಯಮವನ್ನು 2012ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಅಲ್ಪಸಂಖ್ಯಾತರ ಅನುದಾನರಹಿತ ಶಾಲೆಗಳನ್ನು ಮಾತ್ರ ಹೊರಗಿಟ್ಟಿತು.

ಆ 2010ರ ಬೇಸಿಗೆಯ ಕೊನೆಗೆ ಒಂದನೇ ತರಗತಿಗೆ ಸೇರಿದ ಮಗುವನ್ನು ನೆನೆಯಿರಿ. 2018ರಲ್ಲಿ ಅದು ಎಂಟನೇ ತರಗತಿ ಮುಗಿಸಿತು. ಕಾನೂನು ಅದರ ಕೈ ಹಿಡಿದದ್ದು ಅಲ್ಲಿಯವರೆಗೆ. ಎರಡನೇ ಪಿಯುಸಿ ಮುಗಿಸಿ ನೀಟ್ ಪರೀಕ್ಷೆಗೆ ಕುಳಿತದ್ದು 2022ರಲ್ಲಿ. ನಡುವಿನ ನಾಲ್ಕು ವರ್ಷಗಳ ಶುಲ್ಕವನ್ನೂ ಪುಸ್ತಕವನ್ನೂ ಕೋಚಿಂಗನ್ನೂ ಮನೆಯವರು ನೋಡಿಕೊಂಡರು.